ಗಡಿಗೆ ನೀರು, ಹತ್ತು ಎಂ.ಎಲ್. ಡೆವಲಪರ್: ಕಪ್ಪು-ಬಿಳುಪು ರೀಲನ್ನು ಮನೆಯಲ್ಲೇ ತೊಳೆಯುವ ಬಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಚಿತ್ರದುರ್ಗದ ನಮ್ಮ ಮನೆಯ ನಲ್ಲಿ ತಿರುಗಿಸಿ ಥರ್ಮಾಮೀಟರ್ ಹಿಡಿದರೆ 34 ಡಿಗ್ರಿ ತೋರಿಸುತ್ತದೆ. ಮಾಳಿಗೆ ಮೇಲಿನ ಸಿಂಟೆಕ್ಸ್ ಟ್ಯಾಂಕು ಬೆಳಗಿನಿಂದ ಬಿಸಿಲು ಕುಡಿದಿರುತ್ತದೆ. ಡೆವಲಪರ್, ಅಂದರೆ ಫಿಲ್ಮಿನಲ್ಲಿ ಅಡಗಿರುವ ಚಿತ್ರವನ್ನು ಮೂಡಿಸುವ ಮದ್ದು, ಅದರ ಬಾಟಲಿಯ ಮೇಲಾಗಲಿ, ಫಿಲ್ಮ್ ಪೆಟ್ಟಿಗೆಯ ಒಳಗಾಗಲಿ ಅಚ್ಚಾಗಿರುವುದು ಮಾತ್ರ 20 ಡಿಗ್ರಿ. ನಡುವಿನ ಈ 14 ಡಿಗ್ರಿಯನ್ನು ಹೇಗೆ ಇಳಿಸುವುದು ಅಂತ ಗೊತ್ತಾದರೆ ದುರ್ಗದಲ್ಲಿ ಕೂತು ಫಿಲ್ಮ್ ತೊಳೆಯುವ ಕೆಲಸದ ಮುಕ್ಕಾಲು ಪಾಲು ಮುಗಿದಂತೆ. ಉಳಿದದ್ದು ಗಡಿಯಾರ ನೋಡುವುದು, ಡಬ್ಬಿ ಮಗುಚುವುದು.

ಹಿಂದೆ ಕೋಟೆ ನೋಡಲು ಬಂದವರು ಊರಿಗೆ ಹೋಗಿ 'ರೀಲು ತೊಳೆಸೋಕೆ' ಸ್ಟುಡಿಯೋಗೆ ಕೊಡುತ್ತಿದ್ದರು. ಈಗ ಕಪ್ಪು-ಬಿಳುಪು ರೀಲು ತೊಳೆದುಕೊಡುವವರನ್ನು ನಮ್ಮ ಕಡೆ ಹುಡುಕುವುದೇ ಕಷ್ಟ. ಬೆಂಗಳೂರಿಗೆ ಕೊರಿಯರ್ ಮಾಡಿ ಕಾಯುವ ಬದಲು ಅಡುಗೆಮನೆ ಪಕ್ಕದ ಬಚ್ಚಲಲ್ಲೇ ಒಂದು ಗಂಟೆಯಲ್ಲಿ ಮುಗಿಸಬಹುದು. ಕತ್ತಲ ಕೋಣೆ ಕಟ್ಟಿಸಬೇಕಿಲ್ಲ. ಫಿಲ್ಮನ್ನು ಡಬ್ಬಿಗೆ ಸೇರಿಸುವ ಐದು ನಿಮಿಷಕ್ಕಷ್ಟೇ ಪೂರ್ತಿ ಕತ್ತಲೆ ಬೇಕು, ಮಿಕ್ಕದ್ದೆಲ್ಲ ಬೆಳಕಿನಲ್ಲೇ.

ಪುಡಿ ಬೇಡ, ದ್ರಾವಣ ಇರಲಿ

ಡೆವಲಪರ್ ಎರಡು ರೂಪದಲ್ಲಿ ಸಿಗುತ್ತದೆ. ಪುಡಿಯಲ್ಲಿ ಡಿ-76 ಹೆಸರುವಾಸಿ, 1927ರಿಂದ ಬಳಕೆಯಲ್ಲಿದೆ, ಫಲಿತಾಂಶವೂ ಚೆಂದ. ಆದರೆ ಪ್ಯಾಕೆಟ್ ಒಡೆದರೆ ಅಷ್ಟನ್ನೂ ಬಿಸಿನೀರಿನಲ್ಲಿ ಕರಗಿಸಿ, ತಣಿಸಿ, ಬಾಟಲಿಯಲ್ಲಿ ಇಡಬೇಕು. ತಿಂಗಳಿಗೊಂದು ರೀಲು ತೆಗೆಯುವ ನನ್ನಂಥವನಿಗೆ ಆ ಬಾಟಲಿ ಮುಗಿಯುವ ಹೊತ್ತಿಗೆ ಅದು ಸತ್ತೇ ಹೋಗಿರುತ್ತದೆ. ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ.

ದ್ರವ ಡೆವಲಪರ್ ಹಾಗಲ್ಲ. ಗಟ್ಟಿ ದ್ರಾವಣವನ್ನು ಸಿರಿಂಜಿನಲ್ಲಿ ಬೇಕಾದಷ್ಟೇ ಎಳೆದು, ನೀರಿಗೆ ಬೆರೆಸಿ, ಒಂದೇ ಸಲ ಬಳಸಿ ಚೆಲ್ಲುತ್ತೇವೆ. ಪ್ರತಿ ರೀಲಿಗೂ ಹೊಸ ಡೆವಲಪರ್, ಹಾಗಾಗಿ ಹೋದ ಸಲ ಬಂದದ್ದು ಈ ಸಲವೂ ಬರುತ್ತದೆ.

ನನ್ನ ಆಯ್ಕೆ ರೋಡಿನಾಲ್. 1891ರಲ್ಲಿ ಪೇಟೆಂಟ್ ಆದ ಈ ಮದ್ದು ಈಗ ಅಡೋನಾಲ್, ಆರ್09 ಮುಂತಾದ ಹೆಸರುಗಳಲ್ಲೂ ಸಿಗುತ್ತದೆ. ಬಾಟಲಿ ತೆರೆದು ವರ್ಷಗಳಾದರೂ ಕೆಡುವುದಿಲ್ಲ. ಬಣ್ಣ ಚಹಾದ ಡಿಕಾಕ್ಷನ್‌ನಂತೆ ಕಪ್ಪಾದರೂ ಕೆಲಸ ಮಾಡುತ್ತದೆ. ಇದರಲ್ಲಿ ತೊಳೆದ ಚಿತ್ರದಲ್ಲಿ ಕಾಳು (ಗ್ರೇನ್, ಮರಳು ಚೆಲ್ಲಿದಂಥ ಸಣ್ಣ ಚುಕ್ಕೆಗಳು) ಎದ್ದು ಕಾಣುತ್ತದೆ, ಅದು ಕೆಲವರಿಗೆ ಸೇರುವುದಿಲ್ಲ. ಮದುವೆ ಮನೆಯ ಮುಖಗಳಿಗೆ ನಾನೂ ಬಳಸಲಾರೆ. ಆದರೆ ನಾನು ತೆಗೆಯುವುದು ಹೆಚ್ಚಾಗಿ ಕೋಟೆಯ ಬಂಡೆ, ಗೋಡೆ, ಸಿಡಿಮದ್ದು ಬೀಸುವ ಕಲ್ಲು. ಕಲ್ಲಿಗೆ ಕಾಳು ಒಪ್ಪುತ್ತದೆ.

ನುಣುಪು ಬೇಕೆನ್ನುವವರು ಕೊಡಾಕ್‌ನ ಎಚ್‌ಸಿ-110 ನೋಡಬಹುದು, ಅದೂ ಬಹುಕಾಲ ಬಾಳುತ್ತದೆ. ಇಲ್ಫೋಸಾಲ್ 3 ಒಳ್ಳೆಯದೇ, ಆದರೆ ತೆರೆದ ಮೇಲೆ ಕೆಲವೇ ತಿಂಗಳು. ಅಪರೂಪಕ್ಕೊಮ್ಮೆ ತೊಳೆಯುವವರು ಅದರ ತಂಟೆಗೆ ಹೋಗದಿರುವುದು ಮೇಲು.

ಕೂಡಿಹಾಕಬೇಕಾದ ಸಾಮಾನು

ಬೆಳಕು ಸೋರದ ಡೆವಲಪಿಂಗ್ ಟ್ಯಾಂಕು ಮತ್ತು ಅದರ ಸುರುಳಿ, ಕೈ ತೂರಿಸುವ ಕಪ್ಪು ಚೇಂಜಿಂಗ್ ಬ್ಯಾಗ್, ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ಗಟ್ಟಿಮಾಡುವ ಫಿಕ್ಸರ್. ಇವನ್ನು ತರಿಸಲೇಬೇಕು, ಊರಲ್ಲಿ ಸಿಗುವುದು ಕಷ್ಟ. ಉಳಿದದ್ದು ಇಲ್ಲೇ ಸಿಗುತ್ತದೆ. ಮೆಡಿಕಲ್ ಶಾಪಿನಿಂದ ಸೂಜಿ ತೆಗೆದ 10 ಎಂ.ಎಲ್. ಸಿರಿಂಜು ಮತ್ತು ಕೈಗವಸು, ಅಳತೆ ಗೆರೆಯಿರುವ ಪ್ಲಾಸ್ಟಿಕ್ ಜಗ್ಗು ಮೂರು, ನೀರಿನಲ್ಲಿ ಅದ್ದಬಹುದಾದ ಥರ್ಮಾಮೀಟರ್, ಕತ್ತರಿ, ಬಟ್ಟೆ ಕ್ಲಿಪ್ಪು, ಮೊಬೈಲಿನ ಗಡಿಯಾರ. ಜಗ್ಗುಗಳು ಮತ್ತೆ ಅಡುಗೆಗೆ ಹೋಗಬಾರದು. ಅವುಗಳ ಮೇಲೆ ಮಾರ್ಕರ್‌ನಲ್ಲಿ 'ಡಿ', 'ನೀ', 'ಫಿ' ಅಂತ ಬರೆದುಬಿಡಿ. ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಎರಡನೇ ರೀಲಿಗೆ ಮೊದಲು ಫಿಕ್ಸರ್ ಸುರಿದಿದ್ದೆ. ಜೋಗಿಮಟ್ಟಿ ಬೆಟ್ಟದ ಮಂಜು ತೆಗೆಯಲು ನಸುಕಿನಲ್ಲೇ ಎದ್ದು ಹೋಗಿದ್ದ 36 ಚಿತ್ರಗಳು, ಹೊರತೆಗೆದಾಗ ಗಾಜಿನ ಪಟ್ಟಿಯಂತೆ ಸ್ವಚ್ಛ. ಅಂಚಿನ ನಂಬರುಗಳೂ ಇರಲಿಲ್ಲ.

ರೋಡಿನಾಲ್ ತೀಕ್ಷ್ಣ ಕ್ಷಾರ. ಕೈಗೆ ತಾಗಿದರೆ ಸೋಪಿನ ಹಾಗೆ ಜಾರುತ್ತದೆ, ಅದು ಚರ್ಮ ಕರಗುತ್ತಿರುವ ಲಕ್ಷಣ. ಕೂಡಲೇ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಮದ್ದನ್ನು ಹಳೇ ಕೂಲ್‌ಡ್ರಿಂಕ್ಸ್ ಬಾಟಲಿಗೆ ಮಾತ್ರ ತುಂಬಿಡಬೇಡಿ. ಮನೆಯಲ್ಲಿ ಮಕ್ಕಳಿರುತ್ತಾರೆ, ರಾತ್ರಿ ನಿದ್ದೆಗಣ್ಣಲ್ಲಿ ನೀರಿಗೆ ತಡಕಾಡುವ ದೊಡ್ಡವರೂ ಇರುತ್ತಾರೆ.

ಕತ್ತಲೆಯ ಐದು ನಿಮಿಷ

ಮೊದಲು ಬೆಳಕಿನಲ್ಲಿ ಅಭ್ಯಾಸ. ಹಾಳಾದ ಒಂದು ರೀಲನ್ನು ತೆಗೆದುಕೊಂಡು ಕಣ್ಣು ಬಿಟ್ಟು ಐದು ಸಲ, ಕಣ್ಣು ಮುಚ್ಚಿ ಹತ್ತು ಸಲ ಸುರುಳಿಗೆ ಸುತ್ತಿ. ಪ್ಲಾಸ್ಟಿಕ್ ಸುರುಳಿಯಾದರೆ ಫಿಲ್ಮಿನ ತುದಿಯ ಎರಡು ಮೂಲೆಗಳನ್ನು ಚೂರು ಓರೆಯಾಗಿ ಕತ್ತರಿಸಿ, ಕಿವಿಯಂಥ ಎರಡು ತುದಿಗಳ ಕೆಳಗೆ ತೂರಿಸಿ, ಎರಡೂ ಕೈಯಲ್ಲಿ ಹಿಂದೆ ಮುಂದೆ ತಿರುವುತ್ತಾ ಹೋದರೆ ಫಿಲ್ಮು ತಾನೇ ಒಳಗೆ ಹೋಗುತ್ತದೆ. ಸುರುಳಿಯಲ್ಲಿ ಒಂದು ಹನಿ ನೀರಿದ್ದರೂ ಫಿಲ್ಮು ಅಲ್ಲೇ ಅಂಟಿಕೊಂಡು ಹಟ ಮಾಡುತ್ತದೆ. ಹಿಂದಿನ ದಿನವೇ ತೊಳೆದು ಒಣಗಿಸಿಡಿ.

ಚೇಂಜಿಂಗ್ ಬ್ಯಾಗಿನಲ್ಲಿ ನಮ್ಮ ಊರಿನ ತೊಂದರೆ ಬೆವರು. ಹೊರಗೆ 37 ಡಿಗ್ರಿ ಇದ್ದಾಗ ಚೀಲದೊಳಗೆ ಎರಡೇ ನಿಮಿಷದಲ್ಲಿ ಕೈ ಒದ್ದೆಯಾಗುತ್ತದೆ, ಫಿಲ್ಮು ಮೆತ್ತಗಾಗುತ್ತದೆ, ನೀವು ಗಾಬರಿಯಾಗಿ ಎಳೆದರೆ ಮಡಿಕೆ ಬೀಳುತ್ತದೆ. ಆ ಮಡಿಕೆ ಮುಂದೆ ನೆಗೆಟಿವ್‌ನಲ್ಲಿ ಅರ್ಧಚಂದ್ರದ ಕಲೆಯಾಗಿ ಕಾಣುತ್ತದೆ. ಹಾಗಾಗಿ ಈ ಕೆಲಸ ಬೆಳಗ್ಗೆ ಆರಕ್ಕೋ ರಾತ್ರಿ ಹತ್ತರ ಮೇಲೋ ಇರಲಿ. ಒಮ್ಮೆ ಟ್ಯಾಂಕಿಗೆ ಸೇರಿ ಮುಚ್ಚಳ ಬಿದ್ದರೆ ಆಮೇಲೆ ಯಾವಾಗ ಬೇಕಾದರೂ ತೊಳೆಯಬಹುದು.

ಮೊದಮೊದಲು ನನ್ನ ಬಳಿ ಬ್ಯಾಗ್ ಇರಲಿಲ್ಲ. ರಾತ್ರಿ ಕರೆಂಟ್ ಹೋದಾಗ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಮೇಲೆ ಚಳ್ಳಕೆರೆ ಕಂಬಳಿ ಹೊದ್ದು ಸುತ್ತಿದ್ದೆ. ಬೆಳಕೇನೋ ಒಳಗೆ ಬರಲಿಲ್ಲ. ಆದರೆ ಆ ರೀಲಿನ ಒಂದೊಂದು ಚಿತ್ರದಲ್ಲೂ ಕುರಿ ಉಣ್ಣೆಯ ಎಳೆ ಇದೆ. ಕಂಬಳಿಯನ್ನು ಬಾಗಿಲಿಗೆ ಕಟ್ಟಿ, ತಲೆಗೆ ಬೇಡ.

ಇನ್ನೊಂದು ಮಾತು ಕೆಂಪು ದೀಪದ್ದು. ಸಿನಿಮಾಗಳಲ್ಲಿ ನೋಡಿ ಎಲ್ಲರೂ ಕೆಂಪು ಬಲ್ಬ್ ಕೇಳುತ್ತಾರೆ. ಹಳೇ ಸ್ಟುಡಿಯೋ ನಡೆಸುತ್ತಿದ್ದ ಹಿರಿಯರೊಬ್ಬರ ಮುಂದೆ ನಾನೂ ಕೇಳಿದ್ದೆ. "ಏ ತಮ್ಮಾ, ಕೆಂಪು ಲೈಟು ಪೇಪರಿಗೆ, ಫಿಲಿಮ್ಮಿಗಲ್ಲ ಕಣೋ. ಫಿಲಿಮ್ಮಿಗೆ ಕೆಂಪೂ ಕಾಣ್ತತಿ" ಅಂದರು. ಇವತ್ತು ಸಿಗುವ ಸಾಮಾನ್ಯ ಫಿಲ್ಮುಗಳೆಲ್ಲ ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುವಂಥವು. ಕಣ್ಣಿಗೆ ಕೈ ಕಾಣದಷ್ಟು ಕತ್ತಲೆಯೇ ಬೇಕು. ಕೈಗಡಿಯಾರ, ಫೋನು ಹೊರಗಿರಲಿ.

ಸುರುಳಿಯನ್ನು ಟ್ಯಾಂಕಿಗೆ ಇಡುವಾಗ ನಡುವಿನ ಕೊಳವೆಗೆ ತೂರಿಸಿಯೇ ಇಡಿ. ಆ ಕೊಳವೆ ಇಲ್ಲದಿದ್ದರೆ ಮುಚ್ಚಳದ ತೂತಿನಿಂದ ಬೆಳಕು ನೇರ ಒಳಗಿಳಿಯುತ್ತದೆ. ಎರಡು ಸುರುಳಿಯ ಟ್ಯಾಂಕಾದರೆ ಫಿಲ್ಮಿರುವ ಸುರುಳಿ ಕೆಳಗೆ, ಖಾಲಿ ಸುರುಳಿ ಮೇಲೆ. ಇಲ್ಲವಾದರೆ ಮಗುಚುವಾಗ ಕೆಳಗಿನದು ಮೇಲೇರಿ ಮದ್ದಿನಿಂದ ಹೊರಗುಳಿಯುತ್ತದೆ.

ನೀರು

ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಫ್ಲೋರೈಡೂ ಸೇರಿದ್ದು ಅಂತ ಎಲ್ಲರಿಗೂ ಗೊತ್ತು. ಪಾತ್ರೆಯಲ್ಲಿ ಕುದಿಸಿದರೆ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತದಲ್ಲ, ಅದೇ ಸುಣ್ಣ ಡೆವಲಪರಿನಲ್ಲಿ ಬಗ್ಗಡವಾಗಬಹುದು, ಒಣಗುವಾಗ ನೆಗೆಟಿವ್ ಮೇಲೆ ಕಲೆಯಾಗಿ ಕೂರಬಹುದು. ಡೆವಲಪರ್ ಬೆರೆಸಲು ಕಾಯಿನ್ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ನೀರು ಸಾಕು. ಕೊನೆಯ ಅದ್ದುವಿಕೆಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಅರ್ಧ ಲೀಟರ್ ಇಟ್ಟುಕೊಳ್ಳಿ. ನಡುವಿನ ತೊಳೆತಕ್ಕೆ ನಲ್ಲಿ ನೀರೇ ನಡೆಯುತ್ತದೆ.

ಇನ್ನು ತಂಪು. ಕೋಟೆಯೊಳಗಿನ ತಣ್ಣೀರು ದೋಣಿ ಎಂಬ ಹೊಂಡದ ನೀರು ಯಾವ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಒಂದು ಬಿಂದಿಗೆ ತಂದರೆ ಹೇಗೆ ಅಂತ ಎಷ್ಟೋ ಸಲ ಅನ್ನಿಸಿದ್ದುಂಟು. ಅಷ್ಟು ದೂರ ಹೋಗಬೇಕಿಲ್ಲ. ರಾತ್ರಿ ಮಣ್ಣಿನ ಗಡಿಗೆಗೆ ನೀರು ತುಂಬಿ ಗಾಳಿಯಾಡುವ ಕಡೆ ಇಟ್ಟರೆ ಬೆಳಗ್ಗೆ ನನ್ನ ಥರ್ಮಾಮೀಟರಿನಲ್ಲಿ 24 ಡಿಗ್ರಿ ಆಸುಪಾಸು ಇರುತ್ತದೆ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುತ್ತಾ ಒಳಗಿನ ಶಾಖ ಒಯ್ಯುತ್ತದೆ. ನಮ್ಮ ಬಯಲುಸೀಮೆಯ ಒಣ ಗಾಳಿಗೆ ಇದು ಚೆನ್ನಾಗಿ ನಡೆಯುತ್ತದೆ. ಮಳೆಗಾಲದಲ್ಲಿ ಗಡಿಗೆ ಅಷ್ಟು ತಣಿಯದು, ಆದರೆ ಆಗ ನಲ್ಲಿ ನೀರೂ ಅಷ್ಟು ಕಾದಿರುವುದಿಲ್ಲ. ಡಿಸೆಂಬರ್, ಜನವರಿಯ ಮುಂಜಾನೆ ಯಾವ ಸರ್ಕಸ್ಸೂ ಬೇಡ.

ಐಸು ಹಾಕುವುದಾದರೆ ಡೆವಲಪರಿಗೆ ನೇರ ಹಾಕಬೇಡಿ, ಅಳತೆ ಕೆಡುತ್ತದೆ. ಅಗಲ ಬುಟ್ಟಿಯಲ್ಲಿ ನೀರು, ಐಸು ಹಾಕಿ ಅದರೊಳಗೆ ಮೂರೂ ಜಗ್ಗು ಮತ್ತು ಟ್ಯಾಂಕು ನಿಲ್ಲಿಸಿ.

20 ಡಿಗ್ರಿಗೇ ಇಳಿಸಬೇಕೆಂಬ ಹಟ ಬೇಡ ಎಂಬುದು ನನ್ನ ಅನುಭವ. ಗಡಿಗೆ ಕೊಟ್ಟಷ್ಟು ತೆಗೆದುಕೊಂಡು ಸಮಯ ಕಡಿಮೆ ಮಾಡಿ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿಗೆ ರೋಡಿನಾಲ್ 1+50 ಬೆರಕೆಯಲ್ಲಿ (ಒಂದು ಪಾಲು ಮದ್ದಿಗೆ ಸುಮಾರು 50 ಪಾಲು ನೀರು) 20 ಡಿಗ್ರಿಗೆ 11 ನಿಮಿಷ. ಒಂದೊಂದು ಡಿಗ್ರಿ ಏರಿದಂತೆ ಸಮಯ ಸುಮಾರು ನೂರಕ್ಕೆ ಎಂಟು-ಒಂಬತ್ತರಷ್ಟು ಇಳಿಯುತ್ತದೆ. ನನ್ನ ಬಚ್ಚಲ ಗೋಡೆಯ ಮೇಲೆ ಬರೆದಿರುವ ಲೆಕ್ಕ ಹೀಗಿದೆ: 22 ಡಿಗ್ರಿಗೆ ಒಂಬತ್ತೂಕಾಲು ನಿಮಿಷ, 24ಕ್ಕೆ ಏಳೂಮುಕ್ಕಾಲು, 26ಕ್ಕೆ ಆರೂವರೆ. 26 ದಾಟಿದರೆ ಅವತ್ತು ನಾನು ತೊಳೆಯುವುದಿಲ್ಲ.

ತೆಳು ಬೆರಕೆ ನಮಗೆ ಯಾಕೆ ಅನುಕೂಲ ಅನ್ನುವುದೂ ಇಲ್ಲೇ ಇದೆ. ಅದೇ ಫಿಲ್ಮಿಗೆ 1+25 ಬೆರೆಸಿದರೆ 20 ಡಿಗ್ರಿಗೆ 6 ನಿಮಿಷ. 24ಕ್ಕೆ ಬಂದರೆ ನಾಲ್ಕೂಕಾಲಿಗೆ ಇಳಿಯುತ್ತದೆ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಸುರಿಯಲು, ಚೆಲ್ಲಲು ಹಿಡಿಯುವ ಸೆಕೆಂಡುಗಳೇ ದೊಡ್ಡ ಪಾಲಾಗಿ, ಚಿತ್ರದಲ್ಲಿ ಆಕಾಶ ಪಟ್ಟೆಪಟ್ಟೆಯಾಗುತ್ತದೆ. ಎಚ್‌ಸಿ-110 ಬಳಸುವವರು 1+31ರ ಬದಲು 1+63 ಮಾಡಿಕೊಂಡು ಸಮಯ ಹೆಚ್ಚುಕಡಿಮೆ ಇಮ್ಮಡಿ ಮಾಡುವುದು ಇದೇ ಕಾರಣಕ್ಕೆ. ಹಾಗಂತ 1+100 ಬೆರೆಸಿ ಒಂದು ಗಂಟೆ ಅಲುಗಾಡಿಸದೆ ಬಿಡುವ ವಿಧಾನವನ್ನು ಮೇ ತಿಂಗಳಲ್ಲಿ ನಾನಂತೂ ಹೇಳುವುದಿಲ್ಲ. ಆ ಒಂದು ಗಂಟೆಯಲ್ಲಿ ಟ್ಯಾಂಕು ತಾನಾಗಿಯೇ ಕಾದು ಕೂತಿರುತ್ತದೆ.

ಬೇರೆ ಫಿಲ್ಮಿನ ಸಮಯ ಬೇರೆ. ಎಫ್‌ಪಿ4 ಪ್ಲಸ್‌ಗೆ 1+50ರಲ್ಲಿ 15 ನಿಮಿಷ, ಟ್ರೈ-ಎಕ್ಸ್ 400ಕ್ಕೆ 13. ಇವೂ 20 ಡಿಗ್ರಿಯ ಲೆಕ್ಕ.

ತೊಳೆಯುವುದು

ಜಗ್ಗು 'ಡಿ'ಗೆ ಗಡಿಗೆಯಲ್ಲಿ ತಣಿದ ಶುದ್ಧ ನೀರು 490 ಎಂ.ಎಲ್. ಅದಕ್ಕೆ ಸಿರಿಂಜಿನಲ್ಲಿ ರೋಡಿನಾಲ್ 10 ಎಂ.ಎಲ್. ಸಿರಿಂಜಿನ ಗೋಡೆಗೆ ಅಂಟಿದ್ದೂ ಸೇರಲಿ, ಅದೇ ನೀರನ್ನು ಎರಡು ಸಲ ಎಳೆದು ಬಿಡಿ. 35 ಎಂ.ಎಂ. ರೀಲೊಂದಕ್ಕೆ 300 ಎಂ.ಎಲ್. ದ್ರಾವಣ ಸಾಕಾಗುತ್ತದೆ ನಿಜ. ಆದರೆ ಆಗ ಅದರೊಳಗಿನ ರೋಡಿನಾಲ್ ಆರೇ ಎಂ.ಎಲ್. 36 ಚಿತ್ರಗಳ ರೀಲಿಗೆ ಹತ್ತು ಇದ್ದರೆ ಧೈರ್ಯ. ಅದಕ್ಕೇ ದೊಡ್ಡ ಟ್ಯಾಂಕು, ಅರ್ಧ ಲೀಟರ್.

'ನೀ'ಯಲ್ಲಿ ಬರೀ ನೀರು. 'ಫಿ'ಯಲ್ಲಿ ರ‍್ಯಾಪಿಡ್ ಫಿಕ್ಸರ್, ಒಂದು ಪಾಲಿಗೆ ನಾಲ್ಕು ಪಾಲು ನೀರು. ಮೂರರ ತಾಪವೂ ಒಂದೆರಡು ಡಿಗ್ರಿ ಆಚೀಚೆ ಒಂದೇ ಇರಬೇಕು. 24ರಿಂದ ತೆಗೆದು 34ಕ್ಕೆ ಅದ್ದಿದರೆ ಫಿಲ್ಮಿನ ಜೆಲಟಿನ್ ಪದರ ಹಿಗ್ಗಿ, ಒಣಗಿದ ಕೆರೆಯಂಗಳದಂತೆ ಬಿರುಕು ಬಿಡಬಹುದು.

ಗಡಿಯಾರ ಒತ್ತಿ, 'ಡಿ' ಸುರಿಯಿರಿ. ಮುಚ್ಚಳ ಬಿಗಿದು ಮೊದಲ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಮೇಲು-ಕೆಳಗು ಮಗುಚಿ. ಆಮೇಲೆ ಟ್ಯಾಂಕಿನ ತಳವನ್ನು ಕಲ್ಲಿಗೆ ಮೆಲ್ಲಗೆ ಎರಡು ಸಲ ತಟ್ಟಿ, ಫಿಲ್ಮಿಗೆ ಅಂಟಿದ ಗುಳ್ಳೆಗಳು ಬಿಡುತ್ತವೆ. ಗುಳ್ಳೆ ಉಳಿದ ಕಡೆ ಡೆವಲಪರ್ ತಾಗದೆ ದುಂಡನೆಯ ಚುಕ್ಕೆಯಾಗುತ್ತದೆ. ಮುಂದೆ ಪ್ರತಿ ನಿಮಿಷದ ಆರಂಭದ ಹತ್ತು ಸೆಕೆಂಡು ಹೀಗೆಯೇ ನಾಲ್ಕು ಸಲ. ಮಜ್ಜಿಗೆ ಕಡೆದ ಹಾಗೆ ಕುಲುಕಬಾರದು. ಜೋರಾದರೆ ಅಂಚಿನ ತೂತುಗಳ ಮೂಲಕ ಮದ್ದು ರಭಸದಿಂದ ನುಗ್ಗಿ ಅಲ್ಲಲ್ಲಿ ಗೆರೆ ಮೂಡುತ್ತದೆ. ನಡುವೆ ಟ್ಯಾಂಕನ್ನು ತಂಪು ಬುಟ್ಟಿಯಲ್ಲೇ ಇಡಿ, ಅಂಗೈಯ ಶಾಖವೂ ಒಳಗೆ ಹೋಗುತ್ತದೆ.

ಸಮಯಕ್ಕೆ ಹದಿನೈದು ಸೆಕೆಂಡು ಮುಂಚೆ ಚೆಲ್ಲಲು ಶುರು ಮಾಡಿ. ಕೂಡಲೇ 'ನೀ' ಸುರಿದು ಅರ್ಧ ನಿಮಿಷ ಮಗುಚಿ ಚೆಲ್ಲಿ, ಇನ್ನೊಮ್ಮೆ ನೀರು. ಡೆವಲಪರಿನ ಕೆಲಸವನ್ನು ತಟ್ಟನೆ ನಿಲ್ಲಿಸುವ ಸ್ಟಾಪ್ ಬಾತ್ ಎಂಬ ಹುಳಿ ದ್ರಾವಣ ಕೊಳ್ಳುವವರು ಕೊಳ್ಳಲಿ. ಎಂಟು-ಹತ್ತು ನಿಮಿಷದ ಡೆವಲಪಿಂಗ್‌ಗೆ ನೀರೇ ಸಾಕು ಎಂಬುದು ನನ್ನ ರೂಢಿ.

ಆಮೇಲೆ ಫಿಕ್ಸರ್, ಐದು ನಿಮಿಷ, ಅದೇ ರೀತಿ ಮಗುಚುತ್ತಾ. ಫಿಕ್ಸರ್ ಸತ್ತಿದೆಯೋ ಬದುಕಿದೆಯೋ ಅಂತ ಪ್ರತಿ ಸಲ ಮೊದಲೇ ನೋಡಿಕೊಳ್ಳಿ. ಸುತ್ತುವಾಗ ಕತ್ತರಿಸಿದ ಫಿಲ್ಮಿನ ತುಣುಕನ್ನು ಬೆಳಕಿನಲ್ಲೇ ಅದಕ್ಕೆ ಹಾಕಿ, ಹಾಲಿನಂತಿರುವ ತುಣುಕು ಎಷ್ಟು ಹೊತ್ತಿಗೆ ಪಾರದರ್ಶಕವಾಗುತ್ತದೆ ಎಣಿಸಿ. ಅದರ ಇಮ್ಮಡಿ ಹೊತ್ತು ಫಿಲ್ಮಿಗೆ ಕನಿಷ್ಠ ಬೇಕು. ಹೊಸ ಫಿಕ್ಸರಿನಲ್ಲಿ ಹಿಡಿದದ್ದಕ್ಕಿಂತ ಎರಡರಷ್ಟು ಹೊತ್ತು ಹಿಡಿದರೆ ಆ ಫಿಕ್ಸರ್ ಚೆಲ್ಲುವ ಕಾಲ ಬಂತು. ಡೆವಲಪರ್ ಹಾಗಲ್ಲದೆ ಇದನ್ನು ವಾಪಸ್ ಬಾಟಲಿಗೆ ತುಂಬಿ ಮತ್ತೆ ಮತ್ತೆ ಬಳಸಬಹುದು.

ಫಿಕ್ಸರ್ ಮುಗಿದ ಮೇಲೆ ಮುಚ್ಚಳ ತೆಗೆಯಿರಿ. ಬೆಳಕು ಇನ್ನೇನೂ ಮಾಡುವುದಿಲ್ಲ. ಇಣುಕದೆ ಇರಲು ಯಾರಿಗೂ ಆಗುವುದಿಲ್ಲ. ಹಾಲು ಬೆರೆಸಿದಂತೆ ಮಸುಕಾಗಿದ್ದರೆ ಫಿಕ್ಸರ್ ಸಾಲದು, ಮತ್ತೆ ಸುರಿದು ಐದು ನಿಮಿಷ ಬಿಡಿ, ಏನೂ ಕೆಟ್ಟಿಲ್ಲ.

ದಿನಬಿಟ್ಟು ದಿನ ನಲ್ಲಿ ಬರುವ ಓಣಿಯಲ್ಲಿ ಅರ್ಧ ಗಂಟೆ ನೀರು ಹರಿಯಬಿಟ್ಟು ತೊಳೆಯಲಾದೀತೇ? ಇಲ್ಫೋರ್ಡ್ ಕಂಪನಿಯವರೇ ಹೇಳಿಕೊಟ್ಟ ಕ್ರಮ ನಮಗೆ ಹೇಳಿ ಮಾಡಿಸಿದಂತಿದೆ. ಟ್ಯಾಂಕು ತುಂಬಿ ಐದು ಸಲ ಮಗುಚಿ ಚೆಲ್ಲಿ. ಮತ್ತೆ ತುಂಬಿ ಹತ್ತು ಸಲ. ಮತ್ತೆ ತುಂಬಿ ಇಪ್ಪತ್ತು ಸಲ. ಒಂದೂವರೆ ಲೀಟರಿನಲ್ಲಿ ಮುಗಿಯಿತು. ನಾನು ಸಮಾಧಾನಕ್ಕೆ ಇನ್ನೊಂದು ಟ್ಯಾಂಕು ಸೇರಿಸುತ್ತೇನೆ. ಕಡೆಗೆ ಡಿಸ್ಟಿಲ್ಡ್ ವಾಟರಿಗೆ ವೆಟಿಂಗ್ ಏಜೆಂಟ್ (ನೀರು ಹನಿಗಟ್ಟದೆ ಜಾರಿಹೋಗುವಂತೆ ಮಾಡುವ ದ್ರವ) ಒಂದೆರಡು ಹನಿ ಹಾಕಿ ಒಂದು ನಿಮಿಷ ಅದ್ದಿಡಿ. ನೊರೆ ಬಂದರೆ ಹನಿ ಹೆಚ್ಚಾಗಿದೆ ಅಂತ ಅರ್ಥ.

ಒಣಗಿಸುವ ಜಾಗ ಬಚ್ಚಲೇ. ಹೊರಗಿನ ಗಾಳಿಯನ್ನು ನಂಬಬೇಡಿ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ನಮ್ಮ ಮನೆಗೆ ಧೂಳನ್ನೂ ತರುತ್ತದೆ. ಮೊದಲೇ ಬಿಸಿನೀರು ಸ್ನಾನ ಮುಗಿಸಿಕೊಂಡರೆ ಹಬೆಗೆ ಧೂಳು ಕೆಳಗಿಳಿದಿರುತ್ತದೆ. ಮೇಲೊಂದು ಕ್ಲಿಪ್ಪು, ಕೆಳಗೆ ಭಾರಕ್ಕೆ ಎರಡು ಕ್ಲಿಪ್ಪು ಹಾಕಿ ನೇತುಹಾಕಿ, ಬಾಗಿಲು ಹಾಕಿ, ಮೂರು ಗಂಟೆ ಯಾರೂ ಹೋಗದಂತೆ ಮನೆಯವರನ್ನು ಒಪ್ಪಿಸಿ. ಈ ಲೇಖನದಲ್ಲಿ ನಾನು ಹೇಳಿಕೊಡಲಾಗದ ಹಂತ ಅದೊಂದೇ.

ನೆಗೆಟಿವ್ ಹಿಡಿದು ನೋಡಿ

ಪೂರ್ತಿ ಖಾಲಿ, ಆದರೆ ಅಂಚಿನಲ್ಲಿ ನಂಬರು, ಕಂಪನಿ ಹೆಸರು ಸ್ಪಷ್ಟವಾಗಿದ್ದರೆ ತೊಳೆದದ್ದು ಸರಿಯಿದೆ. ಕ್ಯಾಮೆರಾದಲ್ಲಿ ಫಿಲ್ಮು ಸುತ್ತಿಕೊಂಡೇ ಇಲ್ಲ. ಅಂಚಿನ ಅಕ್ಷರವೂ ಇಲ್ಲವೆಂದರೆ ನನ್ನ ಹಾಗೆ ಫಿಕ್ಸರ್ ಮೊದಲು ಸುರಿದಿದ್ದೀರಿ, ಇಲ್ಲವೇ ಡೆವಲಪರ್ ಸತ್ತಿತ್ತು. ಅಕ್ಷರ ಗಾಢವಾಗಿ, ಚಿತ್ರ ಮಾತ್ರ ತೆಳುವಾಗಿದ್ದರೆ ತೆಗೆಯುವಾಗ ಬೆಳಕು ಸಾಲಲಿಲ್ಲ. ಎರಡೂ ತೆಳುವಾಗಿದ್ದರೆ ಸಮಯ ಸಾಲಲಿಲ್ಲ, ಅಥವಾ ನೀರು ನೀವೆಂದುಕೊಂಡದ್ದಕ್ಕಿಂತ ತಣ್ಣಗಿತ್ತು.

ದುರ್ಗದಲ್ಲಿ ಹೆಚ್ಚು ಕಾಣುವುದು ಇದರ ಉಲ್ಟಾ. ಮಧ್ಯಾಹ್ನದ ಬಿಸಿಲಿಗೆ ಬಂಡೆ ಬೆಳ್ಳಗೆ ಸುಟ್ಟು, ಓಬವ್ವನ ಕಿಂಡಿಯ ಒಳಗು ಮಸಿಯಾಗಿ, ನಡುವೆ ಏನೂ ಇಲ್ಲ. ಅಂಥ ಹೊತ್ತಿನಲ್ಲಿ ತೆಗೆಯುವುದು ಅನಿವಾರ್ಯವಾದರೆ ನಾನು ಐಎಸ್‌ಒ (ಬೆಳಕು ಹಿಡಿಯುವ ವೇಗ) 400ರ ಫಿಲ್ಮನ್ನು 200 ಎಂದು ಕ್ಯಾಮೆರಾಗೆ ಹೇಳಿ, ಅಂದರೆ ಇಮ್ಮಡಿ ಬೆಳಕು ಬೀಳುವಂತೆ ಮಾಡಿ, ರೀಲು ಪೂರ್ತಿ ಹಾಗೆಯೇ ತೆಗೆದು, ತೊಳೆಯುವಾಗ ಸಮಯದಲ್ಲಿ ಐದನೇ ಒಂದು ಭಾಗ ಕಡಿತ ಮಾಡುತ್ತೇನೆ. 24 ಡಿಗ್ರಿಯಲ್ಲಿ ಏಳೂಮುಕ್ಕಾಲಿನ ಬದಲು ಆರೂಕಾಲು. ನೆರಳಿನೊಳಗಿನ ಕಲ್ಲಿನ ಮೈ ಕಾಣುತ್ತದೆ, ಬಿಸಿಲ ಬಂಡೆಯೂ ಉಳಿಯುತ್ತದೆ.

ಒಣಗಿದ ಫಿಲ್ಮನ್ನು ಆರಾರು ಚಿತ್ರಕ್ಕೆ ಕತ್ತರಿಸಿ ಕವರಿಗೆ ಸೇರಿಸಿ. ಕವರಿನ ಮೇಲೆ ದಿನಾಂಕ, ಫಿಲ್ಮು, ಬೆರಕೆ, ಗಡಿಗೆಯ ತಾಪ, ನಿಮಿಷ ಬರೆದಿಡಿ. ಮುಂದಿನ ಏಪ್ರಿಲ್‌ಗೆ ಬೇಕಾಗುತ್ತದೆ.

ಬಳಸಿದ ಡೆವಲಪರನ್ನು ಹೆಚ್ಚು ನೀರಿನೊಂದಿಗೆ ಬಚ್ಚಲಿಗೆ ಬಿಡಬಹುದು. ಸತ್ತ ಫಿಕ್ಸರನ್ನು ಗಿಡಕ್ಕೂ ಹಾಕಬೇಡಿ, ಮೋರಿಗೂ ಬೇಡ. ಅದರಲ್ಲಿ ಫಿಲ್ಮಿನಿಂದ ಕರಗಿ ಬಂದ ಬೆಳ್ಳಿ ಇರುತ್ತದೆ. ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾದಾ ಸ್ಟೀಲ್ ವೂಲ್ ಹಾಕಿ ಕೆಲವು ದಿನ ಬಿಟ್ಟರೆ ಕಬ್ಬಿಣ ಕರಗಿ, ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕೆ ಕೂರುತ್ತದೆ. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಗುಂಜು ಇದಕ್ಕೆ ಬಾರದು. ಸ್ಟುಡಿಯೋದ ಆ ಹಿರಿಯರು ಹೇಳುವ ಪ್ರಕಾರ ಅವರ ಕಾಲದಲ್ಲಿ ಹಳೇ ಹೈಪೋ (ಫಿಕ್ಸರ್) ಕೊಳ್ಳಲು ಮನೆ ಬಾಗಿಲಿಗೇ ಜನ ಬರುತ್ತಿದ್ದರಂತೆ. ನನ್ನ ಡಬ್ಬದಲ್ಲಿ ಎರಡು ವರ್ಷದ್ದು ಸೇರಿ ಒಂದು ಚಮಚದಷ್ಟು ಕೆಸರಿದೆ, ಕೇಳಿಕೊಂಡು ಇನ್ನೂ ಯಾರೂ ಬಂದಿಲ್ಲ.